ಮೂರನೇ ಸ್ಯಾಂಪಲ್

ಜೂನ್ ೪, ಬುಧವಾರ

ಲ್ಯಾಬಿನ ಎಸಿ ಮತ್ತೆ ಕೆಟ್ಟಿದೆ. ಸ್ವಿಚ್ ಎಷ್ಟು ಬಿಸಿಯಾಗುತ್ತದೆ ಅಂತ ಅಳೆಯುವ ಕೋಣೆಯಲ್ಲಿ ನಾವೇ ಬೇಯುತ್ತಿದ್ದೇವೆ. ಕೋಣೆಯ ಬಿಸಿ ಏರಿಳಿದರೆ ರೀಡಿಂಗ್ ದಂಡ. ಎರಡು ಟೆಸ್ಟ್ ನಿಲ್ಲಿಸಿದೆ. ಮ್ಯಾನೇಜರ್ ಮುಖ ಗಂಟಿಕ್ಕಿದರು. ಗಂಟಿಕ್ಕಲಿ.

ಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಕಂಪನಿಯವನು ಬಂದಿದ್ದ. ಕಾದ ತಂತಿ ಒತ್ತಿದಾಗ ಅವನ ಸ್ವಿಚ್ಚಿನ ಪ್ಲಾಸ್ಟಿಕ್ ಹೊತ್ತಿಕೊಂಡಿತು, ಆರಲೇ ಇಲ್ಲ. "ಮೇಡಂ, ಮನೇಲಿ ಯಾರಾದ್ರೂ ಸ್ವಿಚ್ಚಿಗೆ ಕಾದ ತಂತಿ ಚುಚ್ತಾರಾ?" ಅಂದ. "ಯಾರೂ ಚುಚ್ಚಲ್ಲ. ಒಳಗೆ ಸಡಿಲ ಆದ ಸ್ಕ್ರೂ ಅದೇ ಕೆಲಸ ಮಾಡುತ್ತೆ" ಅಂದೆ. ಹೊರಗೆ ಹೋಗಿ "ಏನ್ರೀ ನಿಮ್ಮ ಫೇಲಮ್ಮ" ಅಂದನಂತೆ. ಗಡಿಬಿಡಿ ಬಂದು ವರದಿ ಒಪ್ಪಿಸಿದ. ಪಕ್ಕದ ಬೆಂಚಿನ ಟೆಕ್ನಿಷಿಯನ್ ಅವನು, ನಾವಿಟ್ಟ ಹೆಸರಿಗೆ ತಕ್ಕ ನಡಿಗೆ. ಆದರೆ ಅಳತೆಗೆ ಕೂತರೆ ಪರವಾಗಿಲ್ಲ.

ಫೇಲಮ್ಮ ಅಂದರೆ ನನಗೇನೂ ಬೇಜಾರಿಲ್ಲ... ಸ್ವಲ್ಪ ಇದೆ.

ಜೂನ್ ೫, ಗುರುವಾರ

ಹೊಸ ಕವರು. ರೂಮ್ ಹೀಟರಿಗೆ ಹಾಕುವ ಸ್ವಿಚ್, ಮೂರು ಸ್ಯಾಂಪಲ್. ಮೇಲೆ ಬರೀ ಕೋಡ್. ಯಾರ ಮಾಲು ಅಂತ ಬೆಂಚಿನಲ್ಲಿ ಕೂತವರಿಗೆ ಗೊತ್ತಾಗಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು.

ಒಂದನ್ನು ಕೈಗೆತ್ತಿಕೊಂಡೆ. ಹೆಬ್ಬೆರಳು ಅಂಚಿನ ಮೇಲೆ ಹೋಯಿತು. ಅಲ್ಲೇ ನಿಂತಿತು.

ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿನ ಅಂಚಿಗೆ ತೆಳ್ಳಗೆ ಪೊರೆ ಅಂಟಿಕೊಂಡಿರುತ್ತದೆ. ಎಲ್ಲರೂ ಬ್ಲೇಡಿನಲ್ಲಿ ಕೆರೆಯುತ್ತಾರೆ, ಬಿಳಿ ಗೀರು ಉಳಿಯುತ್ತದೆ. ಇದರಲ್ಲಿ ಗೀರಿಲ್ಲ. ಉಗುರು ಉಜ್ಜುವ ಅರದಿಂದ ಉಜ್ಜಿ, ಆಮೇಲೆ ಬಟ್ಟೆಯಲ್ಲಿ ತಿಕ್ಕಿದ ನುಣುಪು. ನಾಲ್ಕೂ ಮೂಲೆ ಒಂದೇ ದುಂಡು. ಹೀಗೆ ಮಾಡುವವಳು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬಳೇ. ಅಮ್ಮ. ರೇಡಿಯೋ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುತ್ತಾ ರಿಟೈರಾದವಳು. ಈಗ ತಮ್ಮನ ಸ್ವಿಚ್ ವರ್ಕ್‌ಶಾಪಿನಲ್ಲಿ ಅವಳಿಗೊಂದು ಕುರ್ಚಿ. ಬೇಡ ಅಂದರೂ ಹೋಗಿ ಕೂರುತ್ತಾಳೆ.

ಅಂದರೆ ತಮ್ಮನ ಮಾಲು. ಏಜೆಂಟ್ ಕೈಲಿ ಕಳಿಸಿದ್ದಾನೆ, ನನಗೆ ಸುಳಿವೂ ಇಲ್ಲ. ಅಕ್ಕ ಪಾಸ್ ಮಾಡಿಸಿದಳು ಅನ್ನಿಸಿಕೊಳ್ಳಬಾರದು, ಅಷ್ಟೇ. ಅವನ ಬಿಗುಮಾನ ನನಗೆ ಗೊತ್ತಿಲ್ಲವೇ.

ಸೀದಾ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. "ಅಂಚು ಮುಟ್ಟಿ ಅಮ್ಮನ್ನ ಕಂಡುಹಿಡಿದ್ರಾ?" ಅಂದರು. ನಗಲಿಲ್ಲ. ಕೆಲಸ ಗಡಿಬಿಡಿಗೆ ಹೋಯಿತು. ನಾನು ಆ ಬೆಂಚಿನ ಕಡೆ ಸುಳಿಯುವಂತಿಲ್ಲ.

ಸಾಮಾನ್ಯ ಮಾಲು ಕಳಿಸದೆ ಅಮ್ಮನ ಕೈಯಲ್ಲಿ ಸ್ಪೆಷಲ್ಲಾಗಿ ಮಾಡಿಸಿದ್ದಾನಲ್ಲ ಅಂತ ಕೋಪ ಬಂತು. ಇನ್ನೊಂದು ಕಡೆ ನಿರಾಳ. ಅಮ್ಮನ ಕೈಗುಣ. ಟೆಸ್ಟಿನಲ್ಲಿ ಬೀಳುವ ಪ್ರಶ್ನೆಯೇ ಇಲ್ಲ.

ಜೂನ್ ೮, ಭಾನುವಾರ

ತಮ್ಮನ ಮನೆಯಲ್ಲಿ ಊಟ. ಎಲ್ಲರದ್ದೂ ನಾಟಕ. ಕಳಿಸಿಯೇ ಇಲ್ಲ ಅನ್ನುವ ಹಾಗೆ ಅವನು, ಕಂಡೇ ಇಲ್ಲ ಅನ್ನುವ ಹಾಗೆ ನಾನು. ಅಮ್ಮನಿಗೆ ತಡೆಯಲಿಲ್ಲ. "ನಿಮ್ಮ ಮಷಿನ್ನು ಭಾನುವಾರಾನೂ ಸ್ವಿಚ್ಚು ಒತ್ತುತ್ತಾ?"

ತಮ್ಮ ಕೆಮ್ಮಿದ.

"ಒತ್ತುತ್ತೆ, ಅದಕ್ಕೆ ರಜ ಇಲ್ಲ" ಅಂದೆ.

"ಪಾಪ" ಅಂದಳು. ಮಷಿನ್ನಿಗೋ ಸ್ವಿಚ್ಚಿಗೋ ತಿಳಿಯಲಿಲ್ಲ.

ಎಡಗೈಯವಳ ಮಾತು ಬಂತು. ವರ್ಕ್‌ಶಾಪಿನ ಸಾಲಿನಲ್ಲಿ ಗ್ರೀಸ್ ಹಾಕುವ ಕೆಲಸ ಅವಳದ್ದು. ಎರಡು ಮಕ್ಕಳ ತಾಯಿ, ಅಮ್ಮನೇ ಕಲಿಸಿದ್ದು. "ಈಗ ನನಗಿಂತ ಬೇಗ ಮಾಡ್ತಾಳೆ. ತಪ್ಪು ಹುಡುಕ್ತೀನಿ, ಸಿಗಲ್ಲ" ಅಂದಳು ಅಮ್ಮ. ಹೊಗಳಿಕೆ ಅನ್ನಬಹುದಿತ್ತು, ದನಿ ಮಾತ್ರ ಹಾಗಿರಲಿಲ್ಲ.

ಜೂನ್ ೧೭, ಮಂಗಳವಾರ

ಬೆಳಗ್ಗೆಯಿಂದ ಗಡಿಬಿಡಿ ಕಣ್ಣು ತಪ್ಪಿಸುತ್ತಿದ್ದ. ಹನ್ನೊಂದಕ್ಕೆ ಮ್ಯಾನೇಜರ್ ಕರೆದರು.

ಮೂರನೇ ಸ್ಯಾಂಪಲ್ ಟೆಸ್ಟಿನಲ್ಲಿ ಬಿದ್ದಿದೆ.

ಮಷಿನ್ ಮೂರನ್ನೂ ಹತ್ತು ಸಾವಿರ ಸಲ ಒತ್ತಿದೆ. ಆಮೇಲೆ ಕರೆಂಟ್ ಹರಿಸಿ ಬಿಸಿ ನೋಡಿದ್ದಾರೆ. ಎರಡು ತಣ್ಣಗಿವೆ. ಮೂರನೆಯದು ಮಿತಿ ದಾಟಿದೆ, ಚೂರುಪಾರಲ್ಲ. ಇನ್ನೊಂದು ಸೆಟ್ ತರಲು ಒಂದೇ ಅವಕಾಶ, ಅದರಲ್ಲಿ ಯಾವುದೂ ಬೀಳುವಂತಿಲ್ಲ.

"ಗಡಿಬಿಡಿ ಟರ್ಮಿನಲ್ ಸ್ಕ್ರೂ ಸರಿಯಾಗಿ ಬಿಗಿ ಮಾಡಿದ್ನಾ ಸರ್?" ಬಾಯಿಂದ ಬಂದೇಬಿಟ್ಟಿತು.

"ಇದೇ ಪ್ರಶ್ನೆ ಬೇರೆ ಕಂಪನಿಯವರು ಕೇಳಿದ್ರೆ ನೀವೇನಂತೀರಿ?"

ನನ್ನ ಬೆಂಚಿಗೆ ವಾಪಸ್ ಬಂದೆ.

ಅಮ್ಮನ ಕೈ... ಸಾಧ್ಯವೇ ಇಲ್ಲ.

ಜೂನ್ ೧೮, ಬುಧವಾರ, ಸಂಜೆ

ತಮ್ಮ ಬಂದಿದ್ದ. ಚಪ್ಪಲಿಯನ್ನೂ ಬಿಡದೆ ಒಳಗೆ. ವಾಪಸ್ ಬಂದ ಸ್ಯಾಂಪಲ್‌ಗಳನ್ನು ಊಟದ ಮೇಜಿನ ಮೇಲೆ ಸುರಿದ.

"ನಾನು ಇದನ್ನ ನೋಡೋ ಹಾಗಿಲ್ಲ ಕಣೋ."

"ಟೆಸ್ಟ್ ಮುಗೀತಲ್ಲಕ್ಕ. ಈಗ ಇದು ಕಸ. ಕಸ ನೋಡೋಕೆ ಯಾರಪ್ಪನ ಪರ್ಮಿಷನ್ ಬೇಕು?"

ಇವರು ಚಹಾ ಇಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದರು. ಜಾಣ ಗಂಡ.

ಮೂರನೆಯದನ್ನು ಬಿಚ್ಚಿದೆ. ಸ್ವಿಚ್ಚಿನ ಒಳಗೆ, ಪಿನ್ ಜಾರುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗ್ರೀಸ್ ಇರಬೇಕು. ಕರೆಂಟ್ ದಾಟುವ ಲೋಹದ ಕಾಂಟ್ಯಾಕ್ಟಿನ ಮೇಲೆ ಒಂದು ಕಲೆಯೂ ಇರಕೂಡದು. ಇದ್ದರೆ ಪ್ರತಿ ಸಲ ಹಾರುವ ಕಿಡಿಗೆ ಅದು ಸುಟ್ಟು ಮಸಿಯಾಗುತ್ತದೆ, ಕರೆಂಟಿಗೆ ಅಡ್ಡ ಕೂರುತ್ತದೆ, ಸ್ವಿಚ್ ಕಾಯುತ್ತದೆ. ಇಲ್ಲಿ ಅದೇ ಆಗಿತ್ತು. ಗ್ರೀಸು ಜಾಗ ತಪ್ಪಿ ಬಿದ್ದಿದೆ. ಒರೆಸಲು ನೋಡಿದ ಗುರುತೂ ಇದೆ, ಅಲ್ಲಿಂದ ಇಲ್ಲಿಗೆ ಅಂಕುಡೊಂಕಾಗಿ ಎಳೆದ ಹಾಗೆ.

"ಗ್ರೀಸ್ ಹಾಕೋದು ಅವಳೇ, ಎಡಗೈಯವಳು. ಅಮ್ಮ ತಲೆ ಮೇಲೆ ಕೂರಿಸ್ಕೊಂಡಿದ್ಲು. ನಾಳೆಯಿಂದ ಬರಬೇಡ ಅಂದಿದೀನಿ."

"ಈ ಸ್ಯಾಂಪಲ್... ಅಮ್ಮನ ಕೈಲಿ ಮಾಡಿಸಿದ್ದಲ್ವಾ?"

"ಛೆ! ಸಾಲಿನಿಂದಲೇ ಎತ್ತಿದ್ದು. ನಾನೇ ಎತ್ತಿ ಕವರಿಗೆ ಹಾಕಿದ್ದು. ಮೋಸ ಮಾಡೋನಾ ನಾನು?"

ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ, ಚಿಕ್ಕಂದಿನಿಂದಲೂ. ಇವತ್ತು ಆಗಲಿಲ್ಲ.

ಸ್ವಿಚ್ಚಿನ ಅಂಚನ್ನು ಮತ್ತೆ ಸವರಿದೆ. ಅದೇ ನುಣುಪು. ಅವನಿಗೆ ಗೊತ್ತಿಲ್ಲದೆ ಯಾರೋ ಕವರಿನಲ್ಲಿ ಬದಲಾಯಿಸಿದ್ದಾರೆ. ಯಾರೋ ಅಂತ ಯಾಕೆ ಬರೆಯಲಿ.

ಹೇಳಬೇಕಿತ್ತು. ಚಹಾ ಆರುತ್ತೆ ಕುಡಿ ಅಂದೆ.

ಜೂನ್ ೧೯, ಗುರುವಾರ

ಏನೂ ತಲೆಗೆ ಹೋಗುತ್ತಿಲ್ಲ. ಒಂದೇ ರೀಡಿಂಗ್ ಎರಡು ಸಲ ಬರೆದೆ. ಗಡಿಬಿಡಿ ತಿದ್ದಿದ, ಅವನು ನನ್ನನ್ನು!

ಯಾರ ಮುಖವೂ ನೋಡದೆ ಫೇಲ್ ಅಂತ ಬರೆಯುವವಳು ನಾನು. ಇದೊಂದು ಹೇಳಲು ನಾಲಿಗೆ ಹೊರಳುತ್ತಿಲ್ಲ. ಅಮ್ಮನಿಗೆ ಓದು ಇಲ್ಲ, ಆಸ್ತಿ ಇಲ್ಲ, ಇದ್ದದ್ದು ಕೈ. ಅದರ ಮೇಲೆಯೇ ನಮ್ಮಿಬ್ಬರನ್ನೂ ಬೆಳೆಸಿದಳು. ಕಾರ್ಖಾನೆಯಲ್ಲಿ ಸಣ್ಣ ಕೆಲಸ ಬಂದರೆ "ಅಮ್ಮಾವ್ರ ಹತ್ರ ಕೊಡಿ" ಅನ್ನುತ್ತಿದ್ದರಂತೆ, ಎಷ್ಟು ಸಲ ಹೇಳಿಕೊಂಡಿದ್ದಾಳೆ. ಆ ಕೈ ನಡುಗುತ್ತಿದೆ ಅಂತ ನಾನು ಹೋಗಿ ಹೇಳುವುದು ಹೇಗೆ? ಭಯ ಆಗುತ್ತಿದೆ. ಅವಳು ಕುಗ್ಗಿಹೋದರೆ?

ಇವರಿಗೆ ಹೇಳಿದೆ. ಪೇಪರ್ ಮಡಚಿದರು. "ಆ ಎಡಗೈಯವಳ ಮನೇಲಿ ಇವತ್ತು ಏನು ಮಾತಾಡ್ತಿರಬಹುದು?" ಅಂದರು. ಮತ್ತೆ ಪೇಪರ್ ಬಿಡಿಸಿದರು.

ಇಂಥ ಮಾತು ಆಡಿ ಪೇಪರ್ ಓದುವವರನ್ನು ಕಂಡರೆ ಮೈ ಉರಿಯುತ್ತದೆ.

ಜೂನ್ ೨೧, ಶನಿವಾರ

ಹೋದೆ. ತಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು. ಅಮ್ಮ ಹಿಂದಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

ಪೀಠಿಕೆ ಹಾಕಲು ಹೋದೆ. ಹವಾ, ಬಸ್ಸು, ಸೊಂಟನೋವು.

"ಏನು ಹೇಳೋಕೆ ಬಂದೆ ಅದನ್ನ ಹೇಳು" ಅಂದಳು.

"ಕವರಿನಲ್ಲಿ ಇದ್ದದ್ದು ನೀನು ಜೋಡಿಸಿದ್ದು. ಅಲ್ವಾ?"

ಬಟ್ಟೆ ಮಡಚುವುದು ನಿಲ್ಲಲಿಲ್ಲ. "ಅವನು ಎತ್ತಿಟ್ಟಿದ್ದವುಗಳ ಅಂಚು ಒರಟಾಗಿತ್ತು. ದೊಡ್ಡ ಜಾಗಕ್ಕೆ ಹೋಗ್ತಾ ಇದೆ, ನೀನು ಬೇರೆ ನೋಡ್ತೀಯ. ಚೆನ್ನಾಗಿರಲಿ ಅಂತ ಬದಲಾಯಿಸಿದೆ." ಆಮೇಲೆ, "ಆ ಎಡಗೈಯವಳದ್ದು ಹೋಗಿ ಪಾಸಾದ್ರೆ, ನಾನಿನ್ನು ಯಾಕೆ ಅಂತಾನೂ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ."

"ಅಮ್ಮ, ಗ್ರೀಸು..."

"ಯಾವುದು ಬಿತ್ತು?"

"ಮೂರನೇದು."

ಟವೆಲ್ ಕೈಯಲ್ಲೇ ಉಳಿಯಿತು. "ಅದನ್ನ ಕೊನೇಗೆ ಮಾಡಿದ್ದು. ಅಷ್ಟೊತ್ತಿಗೆ ಕೈ ಮಾತು ಕೇಳ್ತಿರಲಿಲ್ಲ. ಒರೆಸಿದೆ. ಒರೆಸಿದೆ ಅಂದ್ಕೊಂಡೆ."

"ಯಾವಾಗಿಂದ ಹೀಗೆ?"

"ಬಿಡು."

"ಅಮ್ಮ."

"ನಿನಗೆ ಹೇಳಿದ್ರೆ ನೀನು ಅಳತೆ ತಗೊಂಡು ಕೂರ್ತೀಯ."

ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದು ವಿಚಿತ್ರ ಸದ್ದಾಯಿತು. ಅಮ್ಮ ಬೆನ್ನು ಸವರಿದಳು. ಆಗ ಗೊತ್ತಾಯಿತು, ಬೆನ್ನ ಮೇಲೆ ಅವಳ ಕೈ ಸಣ್ಣಗೆ ಅದುರುತ್ತಿತ್ತು. ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು.

ಎಡಗೈಯವಳನ್ನು ತಮ್ಮ ಕಳಿಸಿಬಿಟ್ಟಿದ್ದು ಅಮ್ಮನಿಗೆ ಗೊತ್ತೇ ಇರಲಿಲ್ಲ. ಹುಷಾರಿಲ್ಲವಂತೆ ಅಂತ ಹೇಳಿದ್ದಾನೆ ಭೂಪ. ಗೊತ್ತಾದದ್ದೇ ತಡ, ಎದ್ದು ಚಪ್ಪಲಿ ಹುಡುಕಲು ಶುರು.

"ಎಲ್ಲಿಗೆ?"

"ಅವಳ ಮನೆಗೆ. ಆಟೋ ಕರಿ. ನಿನ್ನ ತಮ್ಮನಿಗೆ ಆಮೇಲೆ ಇದೆ."

ಅವಳ ಮನೆ ಬಾಗಿಲಲ್ಲಿ ನಿಂತೇ ಅಮ್ಮ ಹೇಳಿದಳು, "ಆ ಸ್ವಿಚ್ಚು ಕೆಡಿಸಿದ್ದು ನಾನು. ನೀನಲ್ಲ." ಎಡಗೈಯವಳು ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ಒಳಗೆ ಬನ್ನಿ ಅನ್ನುವುದೂ ಅವಳಿಗೆ ತೋಚಲಿಲ್ಲ. ಆಮೇಲೆ "ನೀವು ಹಾಗೆಲ್ಲ ಹೇಳಬೇಡಿ ಅಮ್ಮಾವ್ರೇ" ಅಂತ ಅತ್ತುಬಿಟ್ಟಳು. ಅಮ್ಮ ಅಳಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು.

ಜೂನ್ ೨೩, ಸೋಮವಾರ

ಎಡಗೈಯವಳು ಕೆಲಸಕ್ಕೆ ಬಂದಳಂತೆ. ತಮ್ಮನೇ ಹೋಗಿ ಕರೆತಂದ, ಸಾಲಿನವರ ಎದುರು ತಪ್ಪಾಯ್ತು ಅಂದ. ಅಮ್ಮ ಎಷ್ಟು ಬೈದಿರಬೇಕು! ನನಗೆ ಫೋನ್ ಮಾಡಿ, "ಅಕ್ಕ, ಅಮ್ಮ ದಿನಾ ಪಕ್ಕದಲ್ಲೇ ಕೂತ್ಕೋತಾಳೆ. ನಾನು ನೋಡಲೇ ಇಲ್ವಲ್ಲೇ" ಅಂದ. ನಾನಾದರೂ ಎಲ್ಲಿ ನೋಡಿದೆ.

ಅಮ್ಮ ವರ್ಕ್‌ಶಾಪಿಗೆ ಹೋಗಲಿಲ್ಲವಂತೆ. ತಲೆನೋವು ಅಂದಳಂತೆ.

ಜುಲೈ ೯, ಬುಧವಾರ

ಎರಡನೇ ಸೆಟ್ ಮೂರೂ ಪಾಸ್. ಗಡಿಬಿಡಿ ಬಂದು ಹೇಳಿದ. ಅಂಚಿನಲ್ಲಿ ಬ್ಲೇಡಿನ ಗೀರಿದೆಯಂತೆ.

ಅಮ್ಮನಿಗೆ ಫೋನ್ ಮಾಡಿದೆ. "ಆಗಲೇಬೇಕು, ಕಲಿಸಿದ್ದು ಯಾರು?" ಅಂದಳು. ಎಷ್ಟೋ ದಿನದ ಮೇಲೆ ಆ ದನಿ. ಅದೇ ಸಮಯ ಅಂತ, ಡಾಕ್ಟರ ಹತ್ತಿರ ಹೋಗೋಣವಾ ಅಂದೆ. ಕ್ಯಾಲೆಂಡರ್ ಮಗುಚುವ ಸದ್ದು ಕೇಳಿತು. ಆಮೇಲೆ, "ಶುಕ್ರವಾರ ನಿನಗೆ ರಜ ಸಿಗುತ್ತಾ?"

ಜುಲೈ ೧೧, ಶುಕ್ರವಾರ

ಬೆಳಗ್ಗೆ ಬೇಗ ತಯಾರಾಗಿ ಕೂತಿದ್ದಳು. ತಲೆ ಬಾಚಿ, ಉಗುರು ಕತ್ತರಿಸಿ.

ಡಾಕ್ಟರು ಸಣ್ಣ ವಯಸ್ಸಿನವರು, ಸೌಮ್ಯ. ನಡೆಸಿದರು, ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಸುರುಳಿಯನ್ನು ನೋಡಿ ಫೈಲಿನಲ್ಲಿಟ್ಟರು. ಆಮೇಲೆ ಡ್ರಾಯರಿನಿಂದ ಗುಂಡಿ ಹೊಲಿದ ಬಟ್ಟೆಯೊಂದನ್ನು ತೆಗೆದು ಎದುರಿಗಿಟ್ಟರು. ಐದು ಗುಂಡಿ, ಐದು ಕಾಜ.

"ಎಲ್ಲ ಹಾಕಿ ಅಮ್ಮ. ಅವಸರ ಏನಿಲ್ಲ."

ಅಮ್ಮ ಅದನ್ನು ತಿರುಗಿಸಿ ಅಂಚು ನೋಡಿದಳು. ಹೊಲಿಗೆ ಚೆನ್ನಾಗಿಲ್ಲ ಅಂತ ಮುಖ ಮಾಡಿದಳು. ಮೊದಲನೆಯದು ಹಾಕಿದಳು. ಎರಡನೆಯದು ಜಾರಿತು. ಮತ್ತೆ ಜಾರಿತು. ನನಗರಿವಿಲ್ಲದೆ ನನ್ನ ಕೈ ಮುಂದೆ ಹೋಯಿತು.

"ನೀವು ಮುಟ್ಟಬಾರದು" ಅಂದರು ಡಾಕ್ಟರು.

ನನಗೆ! ಈ ಮಾತು ದಿನಾ ಎಷ್ಟು ಜನಕ್ಕೆ ಹೇಳುತ್ತೇನೆ. ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡೆ. ಅಮ್ಮ ತುಟಿ ಕಚ್ಚಿದ್ದಳು. ಎರಡನೆಯದು ಹೋಯಿತು. ಮೂರನೆಯದನ್ನು ಹಿಡಿದಳು, ಕಾಜದ ಬಾಯಿಗೆ ತಂದಳು, ಅಷ್ಟರಲ್ಲಿ ನನ್ನ ಕಡೆ ತಿರುಗಿ, "ನೀನು ಆ ಕಡೆ ನೋಡು" ಅಂದಳು. ಕಿಟಕಿಯ ಕಡೆ ತಿರುಗಿದೆ. ಹಿಂದೆ ಬಟ್ಟೆ ಸರಸರ ಅನ್ನುತ್ತಿತ್ತು, ಅವಳ ಉಸಿರು ಕೇಳುತ್ತಿತ್ತು, ಅವಳೇ ಆಯ್ತು ಅನ್ನುವವರೆಗೆ ನಾನು ತಿರುಗಲಿಲ್ಲ.