ಮೂರನೆಯ ಜಾಗ

ಗುರುವಾರ, ಮಧ್ಯಾಹ್ನದ ಊಟದ ಬಿಡುವು

ಇವಳೇ,

ಎರಡು ಕಡೆಯೂ ಪೂರ್ತಿ ಇರಬೇಕು ಎಂದೆಯೋ, ಎರಡು ಕಡೆಯೂ ಅರ್ಧರ್ಧ ಇರುವುದು ಬೇಡ ಎಂದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಮಂಗಳವಾರ ಸಂಜೆ ನೀನು ಮೆಟ್ಟಿಲ ಮೇಲೆ ನಿಂತಿದ್ದೆ, ನಾನು ಕೆಳಗೆ. ನಿನ್ನ ಕೈಯಲ್ಲಿ ಹಲ್ಲಿನ ಬಣ್ಣದ ಮಾದರಿಗಳ ಪಟ್ಟಿ ಇತ್ತು. ಅದನ್ನು ಬೀಸಣಿಗೆಯಂತೆ ಬಿಚ್ಚುತ್ತ ಮುಚ್ಚುತ್ತ ಮಾತಾಡಿದೆ. ನಾನು ಪಟ್ಟಿಯನ್ನೇ ನೋಡುತ್ತಿದ್ದೆ. ಎರಡು ಮಾತಿಗೂ ಅರ್ಥ ಒಂದೇ ಎಂದು ಆಗ ಅನಿಸಿತು. ಈಗ ಹಾಗನಿಸುವುದಿಲ್ಲ. ಒಂದರಲ್ಲಿ ನಾನಿದ್ದೇನೆ, ಇನ್ನೊಂದರಲ್ಲಿ ಇದ್ದೇನೋ ಇಲ್ಲವೋ ತಿಳಿಯದು.

ಅದಾದ ಮೇಲೆ ನೀನು ಹೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. "ಸೋಮವಾರದೊಳಗೆ ಹೇಳಿಬಿಡಿ. ಇಲ್ದಿದ್ರೆ ನನ್ನ ಕಂಪ್ಯೂಟರು ನಾನು ತಗೋತೀನಿ, ನನ್ನ ಬೋರ್ಡು ನಾನು ಹಾಕ್ಕೋತೀನಿ." ಇಪ್ಪತ್ಮೂರು ವರ್ಷ ಇಬ್ಬರೂ ಸೇರಿ ಈ ಊರಿನ ದಂತವೈದ್ಯರಿಗೆಲ್ಲ ಹಲ್ಲು ಮಾಡಿಕೊಟ್ಟಿದ್ದೇವೆ. ಮನೆ ಎಂಟು ತಿಂಗಳ ಹಿಂದೆಯೇ ಎರಡಾಯಿತು. ಹೊಸ ವರ್ಕ್‌ಶಾಪಿನ ಮಹಡಿಯಲ್ಲಿ ನೀನು ಉಳಿದುಕೊಂಡರೆ ಓಡಾಟ ತಪ್ಪುತ್ತದೆ ಎಂದು ಕೇಳಿದವರಿಗೆಲ್ಲ ಇಬ್ಬರೂ ಒಂದೇ ಮಾತು ಹೇಳಿಕೊಂಡು ಬಂದೆವು. ಬೋರ್ಡು ಎರಡಾದ ದಿನ ಹೇಳಿಕೊಳ್ಳಲು ಅಂಥ ಮಾತು ಯಾವುದೂ ಇರುವುದಿಲ್ಲ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾನು ನೋಟೀಸು ಓದಿದ ಹಾಗೆ ಮಾತಾಡುತ್ತೇನೆ ಎಂದು ನೀನೇ ಹೇಳಿದ್ದೀಯ. ಕೆಲಸದವರ ಗುಂಪಿಗೆ ಮೆಸೇಜು ಹಾಕಿದರೆ ನಿನ್ನ ಕಡೆ ಮೇಣದಲ್ಲಿ ಹಲ್ಲು ಕೆತ್ತುವ ನಮ್ಮ ಮೇಣದಣ್ಣ ಓದದೆಯೇ ಹೆಬ್ಬೆರಳು ಒತ್ತುತ್ತಾನೆ. ಆದ್ದರಿಂದ ಇದು ಮೂರು ಗಂಟೆಯ ವ್ಯಾನಿನಲ್ಲಿ, ಅಚ್ಚುಗಳ ಡಬ್ಬಿಯ ಜೊತೆ ಬರುತ್ತದೆ. ಪಕ್ಕದಲ್ಲಿ ಹಲ್ಲು ಕೊರೆಯುವ ಯಂತ್ರ ನಡೆಯುತ್ತಿದೆ. ಅದರ ಸದ್ದಿನಲ್ಲಿ ಬರೆಯುವುದು ಸುಲಭ. ಸದ್ದಿಲ್ಲದಿದ್ದರೆ ನಾನು ಬರೆದದ್ದನ್ನೆಲ್ಲ ತಿದ್ದುತ್ತ ಕೂರುತ್ತೇನೆ.

ಮೊದಲು ಕೆಲಸದ ಮಾತು. ಹಳೆಯ ಸರ್ವರ್ ಇನ್ನು ಹೆಚ್ಚು ದಿನ ಬಾಳುವುದಿಲ್ಲ. ಅದರಲ್ಲಿ ನಿನಗೂ ನನಗೂ ಜಗಳವಿಲ್ಲ. ಅದರ ಜಾಗಕ್ಕೆ ಏನು ಎಂಬುದೇ ಪ್ರಶ್ನೆ. ಕೋಟಿನವನು ಎರಡು ದಾರಿ ತೋರಿಸಿದ. (ಎಂಥ ಸೆಕೆಯಲ್ಲೂ ಕೋಟು ಬಿಚ್ಚದ ಆ ಕಂಪ್ಯೂಟರ್ ಕಂಪನಿಯವನಿಗೆ ನೀನೂ ನಾನೂ ಬೇರೆ ಬೇರೆ ಕೂತು ಒಂದೇ ಅಡ್ಡಹೆಸರು ಇಟ್ಟಿದ್ದೆವು ಎಂದು ತಿಳಿದ ದಿನ ನನಗೆ ಕಾರಣವಿಲ್ಲದೆ ಸಂತೋಷವಾಗಿತ್ತು.) ಅವನು ಕನ್ವರ್ಜ್ಡ್ ಎನ್ನುವುದು ಒಂದು ಎತ್ತರದ ಬೀರು. ಅದರಲ್ಲಿ ಸರ್ವರ್ ಬೇರೆ, ಫೈಲುಗಳನ್ನು ಇಡುವ ಸ್ಟೋರೇಜ್ ಬೇರೆ, ಇವನ್ನು ಬೆಸೆಯುವ ಸ್ವಿಚ್ ಬೇರೆ. ಆದರೆ ಒಂದಕ್ಕೊಂದು ಹೊಂದುವಂಥವನ್ನು ಅವರೇ ಆರಿಸಿ, ಜೋಡಿಸಿ ತಂದು ನಿಲ್ಲಿಸುತ್ತಾರೆ. ಯಾವುದು ಸಾಲದೋ ಅದನ್ನಷ್ಟೇ ಮುಂದೆ ದೊಡ್ಡದು ಮಾಡಿಕೊಳ್ಳಬಹುದು. ಬೀರು ನನ್ನ ಕೋಣೆಯಲ್ಲಿ. ನಿನ್ನ ಕಡೆ ಪರದೆಗಳು, ನಡುವೆ ನಾಲ್ಕು ಕಿಲೋಮೀಟರ್ ಫೈಬರ್ ಲೈನು.

ಹೈಪರ್‌ಕನ್ವರ್ಜ್ಡ್‌ನಲ್ಲಿ ಬೀರುವೇ ಇಲ್ಲ. ಒಂದೇ ತರಹದ ಎರಡು ಪೆಟ್ಟಿಗೆಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಮೂರೂ ಇವೆ. ಒಂದು ನನ್ನಲ್ಲಿ, ಒಂದು ನಿನ್ನಲ್ಲಿ. ಸಾಫ್ಟ್‌ವೇರ್ ಎರಡನ್ನೂ ಒಂದೇ ಎಂಬಂತೆ ನಡೆಸುತ್ತದೆ. ನೀನು ಬರೆದದ್ದು ಆ ಕ್ಷಣಕ್ಕೇ ನನ್ನಲ್ಲಿಯೂ ಇರುತ್ತದೆ, ನಾನು ಬರೆದದ್ದು ನಿನ್ನಲ್ಲಿಯೂ. ಒಂದು ಮಲಗಿದರೆ ಇನ್ನೊಂದು ಇಡೀ ಕೆಲಸವನ್ನು ಹೊರುತ್ತದೆ.

ಬೀರುವೇ ಸರಿ ಎಂದು ನಾನು ನಾಲ್ಕು ಪುಟ ಬರೆದು ನಿನಗೆ ಕಳಿಸಿದ್ದೆ. ಅದರಲ್ಲಿ ಬರೆದದ್ದು ಸುಳ್ಳಲ್ಲ. ನಮ್ಮಲ್ಲಿ ಜನ ಹೆಚ್ಚುವುದಿಲ್ಲ, ಬಾಯಿಯ ಸ್ಕ್ಯಾನ್ ಫೈಲುಗಳು ಮಾತ್ರ ಹೆಚ್ಚುತ್ತವೆ. ಬೀರುವಾದರೆ ಸ್ಟೋರೇಜ್ ಒಂದನ್ನೇ ಬೆಳೆಸಬಹುದು. ಪೆಟ್ಟಿಗೆಯಾದರೆ ಜಾಗ ಬೇಕೆಂದು ಬೇಡದ ಯಂತ್ರಶಕ್ತಿಯನ್ನೂ ಸೇರಿಸಿ ಕೊಳ್ಳಬೇಕಾದೀತು. ಇದು ನಿಜ. ಆದರೆ ಆ ನಾಲ್ಕು ಪುಟಗಳಲ್ಲಿ ‘ನನ್ನ ಕೋಣೆ’ ಎಂಬ ಮಾತು ಒಂದು ಸಲವೂ ಬರದ ಹಾಗೆ ನೋಡಿಕೊಂಡಿದ್ದೆ.

ಈಗ ಮಂಗಳವಾರದ ವಿಷಯ.

ಪರೀಕ್ಷೆಗೆಂದು ಎರಡು ಪೆಟ್ಟಿಗೆಗಳನ್ನು ಕೋಟಿನವನು ಎರಡು ವಾರಕ್ಕೆ ಬಿಟ್ಟುಹೋಗಿದ್ದ. ಅವುಗಳ ಜೊತೆ ಊಟದ ಡಬ್ಬಿಯಷ್ಟು ದೊಡ್ಡ ಮೂರನೆಯದೊಂದು ಇತ್ತು. ನೀನು ಅದನ್ನು ನೋಡಿಲ್ಲ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಅದರಲ್ಲಿ ಫೈಲುಗಳಿಲ್ಲ, ಅದು ಕೆಲಸವನ್ನೂ ಮಾಡುವುದಿಲ್ಲ. ಎರಡು ಪೆಟ್ಟಿಗೆಗಳಿಗೆ ಒಂದರ ಮುಖ ಒಂದಕ್ಕೆ ಕಾಣದೆ ಹೋದಾಗ, ಆ ಕಡೆಯದು ಸತ್ತಿದೆಯೋ ನಡುವಿನ ಲೈನು ಕಡಿದಿದೆಯೋ ಎಂದು ತಿಳಿಯುವ ದಾರಿ ಎರಡಕ್ಕೂ ಇಲ್ಲ. ತಾನೊಂದೇ ಉಳಿದದ್ದು ಎಂದುಕೊಂಡು ಎರಡೂ ತಮ್ಮ ಪಾಡಿಗೆ ಬರೆಯುತ್ತ ಹೋದರೆ ಒಂದೇ ಹಲ್ಲಿಗೆ ಎರಡು ಲೆಕ್ಕ ಹುಟ್ಟುತ್ತವೆ, ಆಮೇಲೆ ಯಾರಿಂದಲೂ ಕೂಡಿಸಲು ಆಗುವುದಿಲ್ಲ. ಆಗ ಸಾಕ್ಷಿ ಒಂದಕ್ಕೆ ‘ನೀನು ಮುಂದುವರಿ’ ಎನ್ನುತ್ತದೆ. ಅಷ್ಟೇ ಅದರ ಕೆಲಸ. "ಇದನ್ನ ಮೂರನೇ ಜಾಗದಲ್ಲಿ ಇಡಿ ಸಾರ್. ನಿಮ್ಮ ಹತ್ರಾನೂ ಬೇಡ, ಮೇಡಮ್ ಹತ್ರಾನೂ ಬೇಡ" ಎಂದು ಅವನು ಎರಡು ಸಲ ಹೇಳಿದ. ನೋಡೋಣ ಎಂದೆ. ನನ್ನ ಮೇಜಿನ ಮೇಲೆ, ಕಿಟಕಿಯ ಪಕ್ಕ ಇಟ್ಟುಕೊಂಡೆ.

ಒಂಬತ್ತು ದಿನ ಎಲ್ಲ ಸರಿಯಾಗಿತ್ತು. ಹತ್ತನೆಯ ದಿನ, ಮಂಗಳವಾರ ಬೆಳಗ್ಗೆ ಹತ್ತೂವರೆಗೆ, ಈ ಕಟ್ಟಡದ ವಿದ್ಯುತ್ ಪೆಟ್ಟಿಗೆ ಸುಟ್ಟುಹೋಯಿತು. ಬ್ಯಾಟರಿ ಇಪ್ಪತ್ತು ನಿಮಿಷ ತಡೆಯಿತು. ಆಮೇಲೆ ನನ್ನ ಪೆಟ್ಟಿಗೆ ಆರಿತು, ಮೇಜಿನ ಮೇಲಿದ್ದ ಸಾಕ್ಷಿಯೂ ಆರಿತು. ನಾಲ್ಕು ಕಿಲೋಮೀಟರ್ ಆಚೆ ನಿನ್ನದು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ಅದು ನನ್ನನ್ನು ಕರೆಯಿತು, ಸಾಕ್ಷಿಯನ್ನು ಕರೆಯಿತು, ಯಾರೂ ಓಗೊಡಲಿಲ್ಲ. ಬಹುಶಃ ಕಡಿದುಹೋದದ್ದು ತಾನೇ ಇರಬೇಕು ಎಂದುಕೊಂಡು ಅದು ಕೆಲಸ ನಿಲ್ಲಿಸಿತು.

ಮೊದಲು ಮೇಣದಣ್ಣನ ಫೋನ್ ಬಂತು. "ಸಾರ್, ಇಲ್ಲಿ ಒಂದು ಪರದೆನೂ ಅಲ್ಲಾಡ್ತಿಲ್ಲ. ಫುಟ್‌ಬಾಲ್ ರೆಫ್ರಿ ಬಂದು ಕೂತಿದಾರೆ, ಮುಂದಿನ ನಾಲ್ಕು ಹಲ್ಲಿಲ್ಲ, ಸಂಜೆ ಮ್ಯಾಚು. ಸೀಟಿ ಏನು ಮೂಗಲ್ಲಿ ಊದ್ಲಾ ಅಂತ ಕೇಳ್ತಿದಾರೆ!" ಆಮೇಲೆ ನೀನು ಫೋನ್ ತೆಗೆದುಕೊಂಡೆ. ಇಲ್ಲಿಯ ಪೆಟ್ಟಿಗೆಯ ದೀಪ ಹಸಿರಾಗೇ ಇದೆಯಲ್ಲ, ಮತ್ತೇಕೆ ನಿಂತಿದೆ ಎಂದು ಕೇಳಿದೆ. ಹೈಪರ್ ಎಂದರೆ ಹೀಗೇ, ನಂಬುವ ಹಾಗಿಲ್ಲ, ಅದಕ್ಕೇ ಬೀರು ಬೇಕು ಎಂದದ್ದು ಎಂದು ನಾನು ಹೇಳಿದೆ. ಕರೆಂಟ್ ಹೋದೊಡನೆ ಕರೆಸಿಕೊಂಡಿದ್ದ ಕೋಟಿನವನು ಆಗ ನನ್ನ ಪಕ್ಕದಲ್ಲೇ ನಿಂತಿದ್ದ. ಮೇಜನ್ನು ನೋಡಿದ, ನನ್ನನ್ನು ನೋಡಿದ, ಕೋಟಿನ ಗುಂಡಿ ಹಾಕಿಕೊಂಡ.

ಅದು ಯಂತ್ರದ ತಪ್ಪಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ ಶುರುಮಾಡಿದೆ. ರೆಫ್ರಿಗೆ ನೀನು ಕೈಯಲ್ಲೇ ತಾತ್ಕಾಲಿಕ ಹಲ್ಲು ಮಾಡಿ ಕೂರಿಸಿದೆಯಂತೆ, ಆತ ಬಾಗಿಲಲ್ಲೇ ಸೀಟಿ ಊದಿ ನೋಡಿ ಬೀದಿಯವರೆಲ್ಲ ತಿರುಗುವಂತೆ ಮಾಡಿದನಂತೆ. ಮೇಣದಣ್ಣ ಹೇಳಿದಾಗ ನಗು ಬಂತು. ಆಮೇಲೆ, ಕರೆಂಟ್ ಬರುವವರೆಗಿನ ಒಂದು ಗಂಟೆ ಇಪ್ಪತ್ತು ನಿಮಿಷ ನೀನು ನನ್ನ ಮಾತನ್ನು ನಂಬಿಕೊಂಡು ಕೂತಿದ್ದೆ ಎಂಬುದೂ ನೆನಪಾಯಿತು.

ಆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಕೊಂಡದ್ದು ಸೋಮಾರಿತನ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಸೋಮಾರಿತನವಲ್ಲ. ಒಬ್ಬಂಟಿಯಾದಾಗ ತಾನೇ ಸರಿ ಎಂದುಕೊಳ್ಳದಿರುವುದನ್ನು ನಿನ್ನ ಪೆಟ್ಟಿಗೆಗೆ ಯಾರೋ ಕಲಿಸಿದ್ದಾರೆ. ನನಗೆ ಅದು ಬರಲಿಲ್ಲ. ನೀನು ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕ ಜನರನ್ನು ಕೂರಿಸಿ, ಪಟ್ಟಿ ಹಿಡಿದು ಬಣ್ಣದ ನಂಬರು ಬರೆದು ಕೇಸು ಮುಗಿಸುತ್ತಿದ್ದೆ. ಫೈಲು ನನ್ನ ಕೋಣೆಗೆ ಬರುತ್ತಿತ್ತು. ನಾನು ಪರದೆಯ ಮೇಲಿನ ಫೋಟೋ ನೋಡಿ, ಇದು ಒಂದು ಮೆಟ್ಟಿಲು ತಿಳಿಯಾಗಬೇಕು ಎಂದು ನಂಬರು ಬದಲಿಸಿ ಯಂತ್ರಕ್ಕೆ ಕೊಡುತ್ತಿದ್ದೆ. ಎಂಟು ತಿಂಗಳ ಹಿಂದೆ ಆ ದಾಖಲೆ ನಿನ್ನ ಕಣ್ಣಿಗೆ ಬಿತ್ತು. ಎರಡು ವರ್ಷಗಳಲ್ಲಿ ಮೂವತ್ತೊಂದು ಸಲ. ನೀನು ಕೂಗಾಡಲಿಲ್ಲ. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ.

ಅವುಗಳಲ್ಲಿ ಎಷ್ಟು ಸರಿಯಾಗಿದ್ದವು ಎಂದು ಆ ದಿನ ನೀನು ಕೇಳಿದ್ದೆ. ಲೆಕ್ಕ ಇಟ್ಟಿಲ್ಲ ಎಂದು ನಾನು ಹೇಳಿದ್ದೆ. ಇಟ್ಟಿದ್ದೆ. ಆ ಎರಡು ವರ್ಷಗಳಲ್ಲಿ ಬಣ್ಣ ಹೊಂದಲಿಲ್ಲವೆಂದು ಡಾಕ್ಟರುಗಳು ವಾಪಸ್ ಕಳಿಸಿದ ಹಲ್ಲುಗಳು ಒಂಬತ್ತು. ಒಂಬತ್ತೂ ನಾನು ಬದಲಿಸಿದವು. ಪ್ರತಿ ಸಲವೂ ನೀನೇ ಫೋನ್ ಮಾಡಿ ಅವರ ಹತ್ತಿರ ಬೈಸಿಕೊಂಡೆ. ನಾಲ್ಕನೆಯದು ಬಂದಾಗ, ಒಮ್ಮೆ ಕಣ್ಣು ತೋರಿಸಿಕೊಂಡು ಬಾ ಎಂದು ನಾನು ನಿನಗೆ ಹೇಳಿದೆ. ನೀನು ಹೋಗಿ ತೋರಿಸಿಕೊಂಡು ಬಂದೆ. ಕಣ್ಣಿಗೆ ಏನೂ ಆಗಿಲ್ಲವಂತೆ ಎಂದು ಖುಷಿಯಿಂದ ಹೇಳಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಇದನ್ನು ಬರೆದ ಮೇಲೆ ಎದ್ದುಹೋಗಿ ನೀರು ಕುಡಿದು ಬಂದೆ. ಯಂತ್ರ ಒಂದು ಬಾಚಿಹಲ್ಲನ್ನು ಮುಗಿಸಿ ಇನ್ನೊಂದಕ್ಕೆ ಹೋಗಿದೆ.

ನಿನ್ನೆ ಅತ್ತೆಯ ಗುಂಡಿ ಅಂಗಡಿಗೆ ಹೋಗಿದ್ದೆ. ನಿಮ್ಮಮ್ಮನನ್ನು ನೋಡಿ ನಾಲ್ಕು ತಿಂಗಳಾಗಿತ್ತು. ಅವರು ಎಂದಿನಂತೆ ಗಲ್ಲಾದ ಹಿಂದೆ ಕೂತು ಒಬ್ಬ ದರ್ಜಿಯ ಜೊತೆ ಒಂದು ಡಜನ್ ಗುಂಡಿಗಾಗಿ ಯುದ್ಧ ಮಾಡುತ್ತಿದ್ದರು. ಅವನು ಸೋತು ಹೋದ ಮೇಲೆ ನಾನು ಊಟದ ಡಬ್ಬಿಯಂಥದ್ದನ್ನು ಗಲ್ಲಾದ ಮೇಲೆ ಇಟ್ಟೆ. ಅಂಗಡಿಯಲ್ಲಿ ಇಂಟರ್‌ನೆಟ್ ಇದೆ, ಒಂದು ಮೂಲೆ ಸಾಕು, ಸಾಧಾರಣ ಲೈನಾದರೂ ನಡೆಯುತ್ತದೆ ಎಂದೆ.

"ಇದೇನು ಮಾಡುತ್ತೆ?" ಎಂದರು.

"ಏನೂ ಮಾಡಲ್ಲ ಅತ್ತೆ, ಸಾಕ್ಷಿ ಅಷ್ಟೇ. ನಮ್ಮಿಬ್ಬರಲ್ಲಿ ಯಾರು ಎದ್ದಿದಾರೆ, ಯಾರು ಬಿದ್ದಿದಾರೆ ಅಂತ ನೋಡ್ತಾ ಇರುತ್ತೆ."

"ಅದನ್ನ ಇಪ್ಪತ್ಮೂರು ವರ್ಷದಿಂದ ನಾನು ಬಿಟ್ಟಿಯಾಗಿ ಮಾಡ್ತಾ ಇದೀನಲ್ಲ ಅಳಿಯಂದಿರೇ! ಇದಕ್ಕೆ ಕರೆಂಟ್ ಬೇರೆ ದಂಡ."

ನಾನು ನಕ್ಕೆ. ಅವರು ನಗಲಿಲ್ಲ. ಡಬ್ಬಿಯನ್ನು ಒಂದು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು. "ಅವಳಿಗೆ ಹೇಳಿದೀರಾ?" ಇಲ್ಲ ಎಂದೆ. "ಹಾಗಾದ್ರೆ ತಗೊಂಡ್ ಹೋಗಿ. ನೀವೊಬ್ರೇ ತಂದಿಟ್ರೆ ಇದು ನಿಮ್ಮ ಸಾಕ್ಷಿ ಆಗುತ್ತೆ, ನನ್ನದಾಗಲ್ಲ. ಅವಳೂ ಹ್ಞೂಂ ಅನ್ಲಿ, ಈ ರಿಬ್ಬನ್ ರೀಲು ತೆಗೆದು ಜಾಗ ಮಾಡ್ತೀನಿ."

ಕೋಟಿನವನು ಅರ್ಧ ಗಂಟೆ ಚಿತ್ರ ಬರೆದು ವಿವರಿಸಿದ್ದನ್ನು ಅವರು ಗುಂಡಿ ಎಣಿಸುತ್ತ ಹೇಳಿಬಿಟ್ಟರು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದುಕೊಂಡೇ ಬಂದೆ. ಎಷ್ಟೋ ದಿನಗಳ ಮೇಲೆ ದಾರಿ ಹತ್ತಿರವೆನಿಸಿತು.

ನಾಲ್ಕು ಪುಟಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದರ ಬದಲು ಅರ್ಧ ಪುಟ ಬರೆದು ಇದರ ಜೊತೆ ಇಟ್ಟಿದ್ದೇನೆ. ಎರಡು ಪೆಟ್ಟಿಗೆ, ಹೈಪರ್‌ಕನ್ವರ್ಜ್ಡ್. ಸಾಕ್ಷಿ, ನೀನೂ ಒಪ್ಪಿದರೆ, ಅತ್ತೆಯ ಅಂಗಡಿಯಲ್ಲಿ. ಮುಂದೆ ಜಾಗ ಸಾಲದೆ ಬಂದು ಬೇಡದ ಶಕ್ತಿಯನ್ನೂ ಕೊಳ್ಳಬೇಕಾಗಿ ಬಂದರೆ ಅದನ್ನು ನಾವಿಬ್ಬರೂ ಹೊರೋಣ. ಅದನ್ನೂ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ನೀನು ಮುಗಿಸಿದ ಕೇಸಿನ ಬಣ್ಣ ನಿನ್ನ ಪಾಸ್‌ವರ್ಡಿನಿಂದಲೇ ತೆರೆಯಬೇಕು, ನನ್ನದರಿಂದ ತೆರೆಯಬಾರದು ಎಂಬ ಷರತ್ತನ್ನು ಕೋಟಿನವನಿಂದ ಬರೆಸಿಕೊಂಡಿದ್ದೇನೆ. ಹಾಗೆ ಮಾಡಲು ಆಗುತ್ತದೆಯೇ ಎಂದು ಅವನನ್ನು ಕೇಳಿದೆ. "ಮೊದಲಿಂದ್ಲೂ ಆಗ್ತಿತ್ತು ಸಾರ್, ನೀವು ಕೇಳ್ಲಿಲ್ಲ" ಎಂದ. ಆ ಒಂಬತ್ತು ಹಲ್ಲುಗಳನ್ನು ವಾಪಸ್ ಕಳಿಸಿದ ಡಾಕ್ಟರುಗಳಿಗೆಲ್ಲ ನಾನೇ ಫೋನ್ ಮಾಡುತ್ತಿದ್ದೇನೆ. ಇಬ್ಬರಿಗೆ ಮಾಡಿಯಾಯಿತು. ಒಬ್ಬರು, ಇದನ್ನು ಈಗ ಯಾಕ್ರೀ ಹೇಳ್ತಿದೀರಿ ಎಂದರು. ಇನ್ನೊಬ್ಬರು, ಮೇಡಮ್ ಕಣ್ಣು ತಪ್ಪೋದಿಲ್ಲ ಅಂತ ನನಗೆ ಆಗಲೇ ಅನಿಸಿತ್ತು ಎಂದರು.

ಸಹಿ ಹಾಕುವ ಜಾಗದಲ್ಲಿ ನನ್ನದು ಇದೆ. ಪಕ್ಕದಲ್ಲಿ ನಿನಗೆ ಬಿಟ್ಟಿದ್ದೇನೆ. ಬೋರ್ಡು ಬೇರೆ ಮಾಡುವುದೇ ನಿನ್ನ ನಿರ್ಧಾರವಾದರೆ ಪೆಟ್ಟಿಗೆಗಳನ್ನು ಬಿಡಿಸಿ ಒಂದೊಂದು ಹಂಚಿಕೊಳ್ಳಬಹುದು. ಬೀರುವನ್ನು ಹಾಗೆ ಹಂಚಲು ಬರುತ್ತಿರಲಿಲ್ಲ. ಇದನ್ನೂ ಯೋಚಿಸಿಯೇ ಬರೆದೆ.

ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ.

ಇಂತಿ,
ನೀನು ‘ರೀ’ ಎಂದು ಕರೆಯುತ್ತಿದ್ದವನು

ತಾ.ಕ.: ನೀನು ಸಹಿ ಹಾಕಿದರೆ ಪರೀಕ್ಷೆಯದನ್ನು ತೆಗೆದು ನಿನ್ನ ಕಡೆಯ ಹೊಸ ಪೆಟ್ಟಿಗೆಯನ್ನು ಶನಿವಾರ ಬೆಳಗ್ಗೆ ಜೋಡಿಸಿ ಮುಗಿಸುತ್ತಾರೆ. ನಾನು ಇರಲೇಬೇಕು, ಇಲ್ಲದಿದ್ದರೆ ಕೆಲಸ ಆಗುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಕೋಟಿನವನೂ ಮೇಣದಣ್ಣನೂ ಸಾಕು, ನಾಲ್ಕು ಗಂಟೆಯ ಕೆಲಸ. ಆಮೇಲೂ ಅದು ನಾನಿಲ್ಲದೆ ನಡೆಯುತ್ತದೆ. ಅದಕ್ಕೆಂದೇ ಅದನ್ನು ಆರಿಸಿದ್ದು. ನನ್ನಿಂದ ಅಲ್ಲಿ ಏನೂ ಆಗಬೇಕಾಗಿಲ್ಲ. ಆದರೂ ಬರಲಾ?