ಗಾಸ್ಪರ್ ಕೆತ್ತಿದ ಎಡಗೆನ್ನೆ ಗುಳಿ

ಗೋವೆ ಪಟ್ಟಣ
೧೬೮೪, ನವೆಂಬರ್ ೨೧

ನನ್ನ ಅಪೊಲೀನಾ,

ಮರಿಯಮ್ಮನ ಮೂಗು ಮುರ್ದೋಯ್ತು! ನನ್ನ ಕೈಯಲ್ಲೇ ಮುರೀತು, ಪಾದ್ರಿಗಳು ಬಾಗಿಲಲ್ಲಿ ನಿಂತಿದಾರೆ!

ಇಲ್ಲ ಕಣೇ, ಕೂತ್ಕೊ. ಮೂಗು ನೆಟ್ಟಗಿದೆ. ಇಷ್ಟು ದಿನ ಕಾಗದ ಬರೀಲಿಲ್ಲ ಅಂತ ಬೈಯೋಕೆ ಬಾಯಿ ತೆಗ್ದಿದ್ದೆಯಲ್ಲ, ಅದನ್ನ ಮುಚ್ಚಿಸೋಕೆ ಹಾಗಂದೆ. ತಪ್ಪಾಯ್ತು. ನಮ್ಮ ಮಗಳು ಕುಸ್ತೋದಿನ್‌ಳ ಬಾಣಂತನ ಹೇಗೆ ನಡೀತಿದೆ? ಮಗೂಗೆ ನನ್ನ ಚಪ್ಪಟೆ ಮೂಗು ಬಂದಿಲ್ಲ ತಾನೆ?

ನಾನಿಲ್ಲಿ ಗಂಜಿ, ಒಣಮೀನು ತಿಂದ್ಕೊಂಡು ಇದೀನಿ. ಬಾಯಲ್ಲಿ ಒಂದು ದಂತ ಇಲ್ಲ, ಕೈ ತುಂಬ ದಂತ. ಡಿಸೆಂಬರ್ ಹಬ್ಬಕ್ಕೆ ಅಂತ ಗಾಸ್ಪರ್ ಕೆತ್ತಿದ ದಂತದ ಮರಿಯಮ್ಮ ನಯ ಮಾಡೋಕೆ ನನ್ನ ಹತ್ರ ಬಂದಿದಾಳೆ. ಕೆತ್ತೋದು ಅವನು, ಒರಟು ಮೀನಿನ ತೊಗಲಲ್ಲಿ ಉಜ್ಜಿ, ಬೂದಿ ಹಾಕಿ ತಿಕ್ಕೋದು ನಾನು. ಅವನಿಗೆ ಹೆಸರು, ನನಗೆ ಕೆಮ್ಮು. ಆನೆ ಕೊಂಬು ಬಾಗಿದ ಹಾಗೇ ಅವಳ ಸೊಂಟಾನೂ ಒಂಚೂರು ಬಾಗಿದೆ, ಹೊದಿಕೆ ಗಾಳಿಗೆ ಹಾರಿದೆ. ಕಾಲಡಿ ಚಂದ್ರ, ಚಂದ್ರನಿಗೆ ಅಂಟ್ಕೊಂಡು ರೆಕ್ಕೆ ಇರೋ ಮೂರು ಮಕ್ಕಳ ಮುಖ. ತಲೆ ತಗ್ಗಿಸಿ ಆ ಮಕ್ಕಳನ್ನ ನೋಡ್ತಾ ನಗ್ತಿದಾಳೆ.

ಮೀನು ಮಾರೋ ಇಸಬೆಲ್ ಬಂದ್ಲು. ಬುಟ್ಟಿ ಇಳಿಸಿ, ಶಿಲುಬೆ ಗುರುತು ಹಾಕ್ಕೊಂಡು, ಆಮೇಲೆ ಕಿಸಕ್ಕಂತ ನಕ್ಕಳು.

"ಅಲ್ಲ ಬೊಸ್ತ್ಯಾಂವಜ್ಜ, ಇದು ನಮ್ಮ ಅಪೊಲೀನಜ್ಜಿ ಅಲ್ವಾ? ವಯಸ್ಸಲ್ಲಿದ್ದಾಗ!"

"ನಿನ್ನ ಕಣ್ಣಿಗಿಂತ ನಿನ್ನ ಬುಟ್ಟೀಲಿರೋ ಮೀನಿನ ಕಣ್ಣು ವಾಸಿ, ಹೋಗೇ."

"ಎಡಗೆನ್ನೆ ಗುಳಿ ನೋಡಜ್ಜ! ಸತ್ತ ಮೀನಿಗೂ ಕಾಣತ್ತೆ!"

ಸಂಜೆ ಹೊತ್ತಿಗೆ ನಮ್ಮ ದಂತದ್ದು ಬೀದಿಗೆಲ್ಲ ದಂತಕತೆ. ಗಾಸ್ಪರ್ ಹತ್ರ ಹೋದೆ. "ಯಾರ್ದೋ ಆ ಮುಖ?" ಅಂದೆ. ಉಳಿ ಮಸೀತಿದ್ದವನು ತಲೆ ಎತ್ತಲಿಲ್ಲ.

"ಕೊಂಬಿನೊಳಗೆ ಇದ್ದಿದ್ದು ಬಂತು, ಬೊಸ್ತ್ಯಾಂವಣ್ಣ."

"ಆನೆಗೂ ನನ್ನ ಹೆಂಡ್ತಿಗೂ ಎಲ್ಲಿಯ ನಂಟೋ?"

ಅವನ ಕಿವಿ ಕೆಂಪಾಯ್ತು. ಮದುವೇನೇ ಆಗ್ದೆ ಮುದುಕನಾದವನ ಕಿವಿ ಯಾಕೆ ಕೆಂಪಾಗ್ಬೇಕು, ನೀನೇ ಹೇಳು.

ಬೆಳಿಗ್ಗೆ ಸಣ್ಣ ಉಳಿ ತಗೊಂಡು ಆ ಕೆನ್ನೆ ಮುಂದೆ ಕೂತೆ. ಸುತ್ತ ಒಂಚೂರು ಕೆರೆದ್ರೆ ಗುಳಿ ಮಾಯ, ಕೇಳೋರಿಲ್ಲ. ಆದ್ರೆ ದಂತದಲ್ಲಿ ತೆಗೀಬೋದು, ತೆಗೆದದ್ದನ್ನ ವಾಪಸ್ ಹಾಕೋಕಾಗಲ್ಲ. ಉಳಿ ಇಟ್ಟೆ. ಅವಳು ನಗ್ತಾನೇ ಇದ್ಲು. ಕೈ ಏಳಲಿಲ್ಲ.

ಮಗಳಿಗೆ, ಮಗೂಗೆ ನನ್ನ ಆಶೀರ್ವಾದ ಹೇಳು. ಬಾಣಂತಿ ತಲೆಗೆ ಗಾಳಿ ತಾಗದ ಹಾಗೆ ನೋಡ್ಕೊ. ಮರಿಯಮ್ಮ ನಿಮ್ಮನ್ನ ಕಾಯ್ಲಿ. ಅವಳನ್ನ ಇಲ್ಲಿ ನಾನು ಕಾಯ್ತಿದೀನಿ.

ನಿನ್ನ ಬೊಚ್ಚುಬಾಯಿ
ಬೊಸ್ತ್ಯಾಂವ್

ಇನ್ನೊಂದು ಮಾತು. ಮಗಳು ಓದಿ ಹೇಳ್ತಿದ್ರೆ ಇಲ್ಲಿಂದ ಕಸ್ಕೊಂಡು ನೀನೇ ಅಕ್ಷರ ಕೂಡಿಸ್ಕೊಂಡು ಓದು. ಮುಖ ನಿನ್ನದಾದ್ರೆ ಆಗ್ಲಿ. ಆದ್ರೆ ಆ ನಗು? ನಿನ್ನ ನಗಿಸೋಕೇ ನಾನು ಇಷ್ಟು ವರ್ಷ ಕೋತಿಯಾಟ ಆಡಿದ್ದು. ಬಾಯಿಗೆ ಸೆರಗು ಮುಚ್ಕೊಂಡು ನಕ್ಕಿದೀಯ, ಈ ಮರಿಯಮ್ಮನ ಹಾಗೆ ಒಂದ್ಸಲಾನೂ ನಕ್ಕಿಲ್ಲ. ಅವನಿಗೆಲ್ಲಿ ಸಿಕ್ತು ಅದು?

ಒಂದು ಕೆಲಸ ಮಾತ್ರ ನಿಜವಾಗ್ಲೂ ಮಾಡಿದೀನಿ. ಕಾಲಡಿ ಇರೋ ಮೂರು ಮಕ್ಕಳಲ್ಲಿ ನಡುವಿನವನ ಕೆನ್ನೆ ಒಳಕ್ಕೆ ತೋಡಿ, ಮೂಗು ಚಪ್ಪಟೆ ಮಾಡಿದೀನಿ. ಗಾಸ್ಪರ್ ಇನ್ನೂ ನೋಡಿಲ್ಲ. ಹಬ್ಬಕ್ಕೆ ಬಾ, ಆ ನಗು ಈಗ ಯಾರ ಮೇಲೆ ಬೀಳ್ತಿದೆ ಅಂತ ನೀನೇ ನೋಡು.