ಮೂರನೇ ಸಿಲಿಂಡರ್

ಚನ್ನಪಟ್ಟಣ
16 ನವೆಂಬರ್ 2025

ಪ್ರೀತಿಯ ಅನೀಸ್,

ಹನ್ನೊಂದು ವರ್ಷದ ಮೇಲೆ ನನ್ನ ಕೈಬರಹ ನೋಡಿ ನೀನು ಕಾಗದ ಮಡಚಿಟ್ಟರೂ ತಪ್ಪಿಲ್ಲ. ಆದರೂ ಒಂದು ಸಲ ಕೊನೆಯವರೆಗೆ ಓದು. ಕನಕಪುರದಲ್ಲಿ ನೀನು ಶಾಲಾ ವ್ಯಾನ್ ಓಡಿಸುತ್ತಿದ್ದೀಯ, ಸ್ಪ್ಯಾನರ್ ಮುಟ್ಟುವುದೇ ಇಲ್ಲ ಎಂದು ನಿಮ್ಮ ಹಳೇ ಬೀದಿಯ ಸುಹೇಲ್ ಹೇಳಿದ. ವಿಳಾಸ ಕೊಟ್ಟವನೂ ಅವನೇ. ಫೋನ್ ನಂಬರೂ ಕೊಟ್ಟ. ಆದರೆ ನಿನ್ನ ದನಿ ಕೇಳಿದರೆ ನಾನು ಮಳೆ ಬೆಳೆ ಮಾತಾಡಿ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ. ನನ್ನ ಮಂಡಿ ಮಾತ್ರ ಗಾಡಿ ಕೆಳಗೆ ಮಲಗಿ ಏಳಲು ಬಿಡುವುದಿಲ್ಲ. ಹೊಸ ಹೈವೇ ಆದ ಮೇಲೆ ಕೆಂಗಲ್ ಮುಂದೆ ಹಾದುಹೋಗುವ ಕಾರುಗಳೂ ಕಡಿಮೆ. ನಮ್ಮ ಗ್ಯಾರೇಜು ಇನ್ನೂ ಇದೆ. ನಮ್ಮ ಅಂತಲೇ ಕೈಗೆ ಬರುತ್ತದೆ ನೋಡು.

ಕಲ್ಯದ ಲಿಂಗಯ್ಯನವರ ಕಾರು ನಿನಗೆ ಮರೆತಿರಲಾರದು. ಅವರ ಮಗಳು ಚೈತ್ರಾ ಈಗ ರಾಮನಗರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಮೇಡಂ. ಓಡಿಸುವವರಿಲ್ಲದೆ ನಿಂತಿದ್ದ ಆ ಕಾರನ್ನು ಅವಳು ಮಕ್ಕಳ ಕಲಿಕೆಗೆಂದು ಕಾಲೇಜಿಗೆ ತರಿಸಿದ್ದಾಳೆ. ಹೋದ ತಿಂಗಳು, ಇಂಜಿನ್ ಬಿಚ್ಚುತ್ತಿದ್ದೇವೆ, ಬನ್ನಿ ಸರ್ ಎಂದು ನನ್ನನ್ನೂ ಕರೆದಳು.

ಮೀಟರು ಹಾಕಿ ಕಂಪ್ರೆಶನ್ ಒತ್ತಡ ಅಳೆದರು. ಎರಡನೇ ಸಿಲಿಂಡರಿನಲ್ಲಿ ತೀರಾ ಕಡಿಮೆ. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿದಳು. ಮುಳ್ಳು ಏರಿದರೆ ಕೆಳಗಿನ ರಿಂಗ್ ಸವೆದಿದೆ ಅಂತ, ಏರದಿದ್ದರೆ ದೋಷ ಮೇಲೆ, ವಾಲ್ವೋ ಗ್ಯಾಸ್ಕೆಟ್ಟೋ ಹುಡುಕಿ ಎಂದು ಹೇಳಿಕೊಟ್ಟಳು. ಏರಲಿಲ್ಲ. ಗಾಳಿ ತುಂಬಿದಾಗ ರೇಡಿಯೇಟರಿನಲ್ಲಿ ಗುಳ್ಳೆ ಎದ್ದವು. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಅಷ್ಟೆ. ಆಮೇಲೆ ಪಿಸ್ಟನ್ ಹೊರತೆಗೆದು ರಿಂಗ್ ತೋರಿಸುತ್ತಾ, ಇಷ್ಟು ವರ್ಷ ಓಡಿಯೂ ಹೇಗಿವೆ ನೋಡಿ, ಇವನ್ನು ಕೂರಿಸಿದ್ದು ಈ ದೇವರಾಜ್ ಸರ್ ಎಂದಳು. ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ನಾನು ಸುಮ್ಮನೆ ನಕ್ಕೆ ಅನೀಸ್. ಆ ನಗು ನೆನೆದರೆ ಈಗಲೂ ಮೈ ಮುದುಡುತ್ತದೆ.

ಅವು ನೀನು ಕೂರಿಸಿದ ರಿಂಗುಗಳು. ನಾನು ಅವನ್ನು ಮುಟ್ಟಿಯೇ ಇರಲಿಲ್ಲ.

ಆ ಇಂಜಿನ್ ನಾವಿಬ್ಬರೂ ಸೇರಿ ಮಾಡಿದ್ದು. ಮೇಲಿನ ಹೆಡ್, ವಾಲ್ವ್ ನನ್ನ ಪಾಲು, ಕೆಳಗಿನ ಪಿಸ್ಟನ್, ರಿಂಗ್ ನಿನ್ನದು. ಹತ್ತೇ ದಿನಕ್ಕೆ ಕಾರು ಮಾಗಡಿ ಏರಿನಲ್ಲಿ ನಿಂತು, ಬಾಡಿಗೆಗೆ ಹಿಡಿದು ಮದುವೆಗೆ ಹೊರಟಿದ್ದ ಜನ ಲಿಂಗಯ್ಯನವರನ್ನು ಬಾಯಿಗೆ ಬಂದಂತೆ ಬೈದಿದ್ದರು. ಅವರು ಕಾರು ಎಳೆಸಿಕೊಂಡು ಬಂದು ರಸ್ತೆಯ ಜನವೆಲ್ಲ ಕೇಳುವಂತೆ, ಯಾರ ಕೆಲಸ ಇದು ಎಂದು ಕೂಗಿದರು. ಮೂರನೇ ಸಿಲಿಂಡರಿನಲ್ಲಿ ಕಂಪ್ರೆಶನ್ ಅರ್ಧಕ್ಕೆ ಇಳಿದಿತ್ತು. ನನ್ನ ಬಾಯಿಂದ ರಿಂಗ್ ಎಂದು ಬಂದುಬಿಟ್ಟಿತು. ನೀನು ಜಗಳವಾಡಲಿಲ್ಲ. "ಒಸಿ ಆಯಿಲ್ ಬುಟ್ಟು ನೋಡ್ಲಾ ದೇವ, ಗೊತ್ತಾಯ್ತದೆ" ಅಂದೆ. "ನೋಡೋದೇನೈತೆ?" ಅಂದೆ ನಾನು. ಲಿಂಗಯ್ಯನವರು ನಿನ್ನನ್ನು ಬೈದಷ್ಟು ಹೊತ್ತೂ ನಾನು ಕೈ ಒರೆಸುವ ಬಟ್ಟೆ ಹುಡುಕುತ್ತಿದ್ದೆ. ನೀನು ಕೈ ತೊಳೆದು, ಅಂಗಿ ಬದಲಿಸಿ, ನನ್ನ ಮುಖ ನೋಡದೆ ಹೋದೆ.

ನೀನು ಹೋದ ಮೇಲೆ ಆಯಿಲ್ ಬಿಟ್ಟು ನೋಡಿದೆ. ಮುಳ್ಳು ಅಲುಗಲಿಲ್ಲ. ಗಾಳಿ ತುಂಬಿದರೆ ಸೈಲೆನ್ಸರಿನಲ್ಲಿ ಬುಸ್ ಎಂದಿತು. ವಾಲ್ವ್. ಅವತ್ತು ಅವಸರದಲ್ಲಿ ಆ ಒಂದನ್ನು ಸರಿಯಾಗಿ ಉಜ್ಜದೆ ಕೂರಿಸಿದ್ದೆ. ಬಾಗಿಲು ಮುಂದೆ ಮಾಡಿಕೊಂಡು ಅದನ್ನು ಸರಿಮಾಡಿ, ರಿಂಗ್ ಬದಲಾಯಿಸಿದೆ ಎಂದು ಕಾರು ಕೊಟ್ಟೆ. ಕಾರು ಚೆನ್ನಾಗಿ ಓಡಿತು. ಅದು ಚೆನ್ನಾಗಿ ಓಡಿದಷ್ಟೂ ನಿನ್ನ ಹೆಸರು ಕೆಟ್ಟಿತು.

ಕಾಲೇಜಿನಿಂದ ಬಂದ ಮಾರನೇ ದಿನವೇ ಕಲ್ಯಕ್ಕೆ ಹೋದೆ. ಲಿಂಗಯ್ಯನವರು ರಾಗಿ ಹೊಲದ ಬದುವಿನಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬದುವಿನಿಂದ ಎದ್ದು, "ಸುಳ್ಳು ನಿಂದು, ಬೈದೋನು ನಾನು. ಅವನು ಎಲ್ಲವ್ನೆ ಹೇಳು, ನಾನೂ ಬತ್ತೀನಿ" ಅಂದರು.

ಚೈತ್ರಾಗೂ ಫೋನ್ ಮಾಡಿ, ಮಕ್ಕಳಿಗೆ ನಿಜ ತಿಳಿಸಿಬಿಡಮ್ಮ ಅಂದೆ. ನೀವೇ ಬಂದು ಹೇಳಿ ಸರ್ ಅಂದಳು. ಮೊನ್ನೆ ಗುರುವಾರ ಹೋಗಿ ನಲವತ್ತು ಮಕ್ಕಳ ಮುಂದೆ ನಿಂತು, ಆ ಕೆಲಸ ಅನೀಸನದು, ತಪ್ಪು ನನ್ನದು ಎಂದೆ. ಅವನೀಗ ಎಲ್ಲಿ ಕೆಲಸ ಮಾಡುತ್ತಾನೆ ಎಂದು ಒಂದು ಹುಡುಗಿ ಕೇಳಿದಳು. ಶಾಲಾ ವ್ಯಾನ್ ಓಡಿಸುತ್ತಾನೆ ಅಂದೆ.

ಕ್ಷಮಿಸು ಅಂತ ಕೇಳುವ ಧೈರ್ಯವಿಲ್ಲ. ಬಾ ಅಂದರೆ ಲಿಂಗಯ್ಯನವರ ಜೊತೆ ಬಂದು ನಿನ್ನ ಬೀದಿಯಲ್ಲಿ, ನಿನ್ನ ಜನರ ಮುಂದೆಯೇ ಹೇಳುತ್ತೇನೆ. ಬೇಡ ಅಂದರೆ ಬರುವುದಿಲ್ಲ.

ಮನೆಯಾಕೆ ಮುನ್ನೀಗೆ ನನ್ನ ನಮಸ್ಕಾರ ಹೇಳು. ಮಗಳು ಸಾನಾ ಕಾಲೇಜು ಸೇರಿದಳಂತೆ, ಓದಿ ದೊಡ್ಡವಳಾಗಲಿ, ನಿಮ್ಮ ಮನೆಯಲ್ಲಿ ನೆಮ್ಮದಿ ಇರಲಿ.

ಇಂತಿ,
ದೇವರಾಜ್

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನೀನು ಹೋದ ನಾಲ್ಕನೇ ದಿನ ನಿಮ್ಮ ಅಬ್ಬಾ ಸನಾವುಲ್ಲಾ ಸಾಹೇಬರು ಗ್ಯಾರೇಜಿಗೆ ಬಂದಿದ್ದರು. ನಿನಗೆ ಹೇಳಬೇಡ ಅಂದಿದ್ದರು. ಬೊಂಬೆ ಕಡೆಯುತ್ತಿದ್ದವರು ಕೆಲಸ ಬಿಟ್ಟು ಹಾಗೇ ಎದ್ದು ಬಂದಂತಿತ್ತು, ತೋಳಿನ ತುಂಬ ಅರಗಿನ ಬಣ್ಣ. ನನ್ನ ಕೈ ಹಿಡಿದುಕೊಂಡು, "ದೇವರಾಜು, ನಮ್ ಅನೀಸನ ಕೈಯಲ್ಲಿ ತಪ್ಪಾಗಿದ್ದು ನಿಜವಾ? ನೀನು ಹೇಳಿದ್ರೆ ನಂಬ್ತೀನಿ" ಎಂದು ಕೇಳಿದರು. ಅಷ್ಟರಲ್ಲಿ ನನಗೆ ಎಲ್ಲ ಗೊತ್ತಿತ್ತು. ಹೌದು ಸಾಹೇಬ್ರೇ ಅಂದೆ. "ಹಂಗಾದ್ರೆ ನಾನೇ ಸರಿಯಾಗಿ ಕಲಿಸ್ಲಿಲ್ಲ" ಅಂದು ಎದ್ದು ಹೋದರು. ಅವರು ಆಮೇಲೆ ಎರಡು ವರ್ಷ ಬದುಕಿದ್ದರು ಅನೀಸ್. ಅವರ ಬೀದಿಯಲ್ಲೇ ದಿನಾ ಓಡಾಡುತ್ತಿದ್ದೆ.